ಲೀಗ್‌ನಲ್ಲಿ ನಾಲ್ಕಕ್ಕೆ ನಾಲ್ಕು ಗೆದ್ದು ಫೈನಲ್ ಸೋತರೆ ಕಪ್ ಯಾರದ್ದು?

ತೋಟದಮನೆ (ಸಕಲೇಶಪುರ):
ಎಲ್ಲರಿಗೂ ನಮಸ್ಕಾರ. ಒಂದು ಪಂಚಾಯ್ತಿ ಇದೆ, ತೀರ್ಮಾನ ಮಾಡಿಕೊಡಿ.

ಪ್ರತಿ ವರ್ಷ ಕಾಫಿ ಹಣ್ಣು ಕುಯ್ಲು ಶುರುವಾಗುವ ಮೊದಲು ನಮ್ಮೂರ ಶಾಲೆ ಮೈದಾನದಲ್ಲಿ ಟೆನಿಸ್ ಬಾಲ್ ಟೂರ್ನಿ ಮಾಡುತ್ತೇವೆ. 12 ಓವರ್ ಮ್ಯಾಚು. ಈ ಸಲ 6 ಟೀಮ್ ಹೆಸರು ಕೊಟ್ಟಿದ್ದವು. ಮಳೆ ನೋಡಿ 3 ಟೀಮ್ ಬರಲೇ ಇಲ್ಲ. ಉಳಿದದ್ದು ನಮ್ಮ ತೋಟದ ಹುಡುಗರು, ಪೇಟೆ ಅಂಗಡಿಯವರು, ಮತ್ತೆ ಮೇಷ್ಟ್ರುಗಳ ಟೀಮ್. ಮೂರೇ ಟೀಮಿಗೆ ನಾಕೌಟ್ ಮಾಡೋಕಾಗುತ್ತಾ? ತ್ರಿಕೋನ ಸರಣಿ ಅಂತ ಮಾಡಿದೆವು. ಒಬ್ಬೊಬ್ಬರ ಜೊತೆ ಎರಡೆರಡು ಮ್ಯಾಚು, ಮೇಲಿನ ಎರಡು ಟೀಮ್ ಫೈನಲ್‌ಗೆ.

ನಾವು ನಾಲ್ಕಕ್ಕೆ ನಾಲ್ಕೂ ಗೆದ್ದೆವು. ಪೇಟೆಯವರು ಗೆದ್ದಿದ್ದು ಒಂದು, ಮೇಷ್ಟ್ರುಗಳು ಗೆದ್ದಿದ್ದು ಒಂದು. ರನ್ ರೇಟ್ ಲೆಕ್ಕ ಹಾಕಿ ಪೇಟೆಯವರನ್ನು ಫೈನಲ್‌ಗೆ ಹಾಕಿದರು. ಫೈನಲ್‌ನಲ್ಲಿ ನಾವು 7 ರನ್‌ನಿಂದ ಸೋತೆವು. ಕಪ್ಪೂ ಹೋಯ್ತು, ಬಹುಮಾನಕ್ಕೆ ಇಟ್ಟಿದ್ದ ಟಗರೂ ಹೋಯ್ತು.

ನನ್ನ ಪ್ರಶ್ನೆ ಇಷ್ಟೇ. ಅವರನ್ನು ಎರಡು ಸಲ ಸೋಲಿಸಿದವರು ನಾವು. ಅವರು ನಮ್ಮನ್ನು ಸೋಲಿಸಿದ್ದು ಒಂದೇ ಸಲ. ಇದು ಯಾವ ನ್ಯಾಯ? ದೊಡ್ಡ ಟೂರ್ನಿಗಳಲ್ಲಿ ಹೀಗೆ ಆಗಿದೆಯಾ? ಮುಂದಿನ ವರ್ಷಕ್ಕೆ ನಿಯಮ ಬದಲಾಯಿಸಬೇಕು, ಐಡಿಯಾ ಕೊಡಿ.

ಕೆಆರ್‌ಪುರಂ ಹುಡುಗ (ಹಾಸನ):
ಫೈನಲ್ ಅಂದ್ರೆ ಫೈನಲ್ ಗುರು. ಸೋತಮೇಲೆ ಏನ್ ಪಂಚಾಯ್ತಿ.

ಅರಸೀಕೆರೆ ತೆಂಗು:
ತಮ್ಮಾ, ನಿನ್ನ ಗೋಳು ಹೊಸದಲ್ಲ. 1996ರಲ್ಲಿ ಸೌತ್ ಆಫ್ರಿಕಾದವರು ಇದಕ್ಕಿಂತ ಜಾಸ್ತಿ ಅನುಭವಿಸಿದ್ದಾರೆ. ಟೈಟಾನ್ ಕಪ್. ಭಾರತ, ಆಸ್ಟ್ರೇಲಿಯಾ, ಸೌತ್ ಆಫ್ರಿಕಾ. ಲೀಗ್‌ನಲ್ಲಿ ಸೌತ್ ಆಫ್ರಿಕಾ ಆಡಿದ್ದು 6, ಗೆದ್ದಿದ್ದು 6. ನಮ್ಮನ್ನು 3 ಸಲ ಸೋಲಿಸಿದರು. ಹೈದರಾಬಾದ್, ಜೈಪುರ, ರಾಜ್‌ಕೋಟ್, ಎಲ್ಲಾ ಕಡೆ. ಆಸ್ಟ್ರೇಲಿಯಾದವರು ಒಂದೂ ಗೆಲ್ಲಲಿಲ್ಲ. ಆಮೇಲೆ ನವೆಂಬರ್ 6ಕ್ಕೆ ಮುಂಬೈ ವಾಂಖೆಡೆಯಲ್ಲಿ ಫೈನಲ್. ನಾವು ಹೊಡೆದದ್ದು 220. ಅವರು 185ಕ್ಕೆ ಆಲೌಟ್. ಕುಂಬ್ಳೆ 25 ರನ್ ಕೊಟ್ಟು 4 ವಿಕೆಟ್. ಕಪ್ ನಮ್ಮದು.

ಆ ದಿನ ನಾನು ಹಾಸನದಲ್ಲಿದ್ದೆ. ಹಾಸನಾಂಬೆ ಬಾಗಿಲು ತೆಗೆದಿದ್ದ ದಿನಗಳು. ಮನೆಯವರೆಲ್ಲ ದರ್ಶನದ ಸಾಲಿನಲ್ಲಿ, ನಾನು ಮಾತ್ರ ಒಂದು ಟಿ.ವಿ. ರಿಪೇರಿ ಅಂಗಡಿ ಮುಂದೆ. ಅಮ್ಮ ಬೈದದ್ದು ಇನ್ನೂ ಕಿವಿಯಲ್ಲಿದೆ. ನಾನು ಒಳ್ಳೆಯದನ್ನೇ ಬೇಡಿಕೊಳ್ಳುತ್ತಾ ನಿಂತಿದ್ದೆ, ಜಾಗ ಮಾತ್ರ ಬೇರೆ.

ತೋಟದಮನೆ:
ಅಣ್ಣಾ, ಅಂದ್ರೆ ಆವಾಗ ನೀವು ಪೇಟೆಯವರ ಪಾರ್ಟಿ!

ಅರಸೀಕೆರೆ ತೆಂಗು:
ಹಂಗೇ ಅಂದ್ಕೋ. ಆದರೆ ಆ ಸರಣಿಯಲ್ಲಿ ನನಗೆ ಫೈನಲ್‌ಗಿಂತ ಜಾಸ್ತಿ ನೆನಪಿರುವುದು ಬೆಂಗಳೂರಿನ ಮ್ಯಾಚು. ಅಕ್ಟೋಬರ್ 21, ದಸರಾ ಸಮಯ. ಆಸ್ಟ್ರೇಲಿಯಾ 215. ಮಾರ್ಕ್ ಟೇಲರ್ 105 ಹೊಡೆದಿದ್ದ, ಒನ್‌ಡೇನಲ್ಲಿ ಅವನ ಒಂದೇ ಒಂದು ಸೆಂಚುರಿ ಅದು. ನಮ್ಮ ಕಡೆ ಅಜರುದ್ದೀನ್‌ಗೆ ಎಲ್‌ಬಿ ಔಟ್ ಕೊಟ್ಟಾಗ ಸ್ಟೇಡಿಯಮ್ಮಿನಲ್ಲಿ ಗಲಾಟೆಯಾಗಿ ಆಟವೇ ನಿಂತಿತ್ತು. ತೆಂಡೂಲ್ಕರ್ 88ಕ್ಕೆ ಔಟಾದಾಗ ಸ್ಕೋರು 8 ವಿಕೆಟ್‌ಗೆ 164. ಇನ್ನೂ 52 ರನ್ ಬೇಕು. ನಮ್ಮ ವಠಾರದಲ್ಲಿ ಅರ್ಧ ಜನ ಎದ್ದು ಊಟಕ್ಕೆ ಹೋದರು.

ಕ್ರೀಸಿನಲ್ಲಿ ಶ್ರೀನಾಥ್ ಮತ್ತು ಕುಂಬ್ಳೆ. ಶ್ರೀನಾಥ್ 30, ಕುಂಬ್ಳೆ 16, ಇಬ್ಬರೂ ನಾಟೌಟ್. 7 ಬಾಲ್ ಉಳಿದಿರುವಾಗ ಮ್ಯಾಚ್ ಮುಗಿಸಿದರು. ಟಿ.ವಿ.ಯವರು ಪದೇ ಪದೇ ತೋರಿಸಿದ್ದು ಕುಂಬ್ಳೆಯ ತಾಯಿ ಮತ್ತು ಅಜ್ಜಿಯನ್ನು. ಊಟಕ್ಕೆ ಹೋದವರು ಕೈ ತೊಳೆಯದೆ ವಾಪಸ್ ಬಂದು ಬಾಗಿಲಲ್ಲೇ ನಿಂತು ನೋಡಿದರು.

ಇನ್ನೊಂದು ಮಾತು. ಶ್ರೀನಾಥ್ ಹೆಸರಿನ ಮುಂದೆ ಇರುವ ಜಾವಗಲ್ ಎಲ್ಲಿದೆ ಅಂತ ಬೆಂಗಳೂರಿನವರಿಗೆ ಕೇಳಿ. ಗೊತ್ತಿಲ್ಲ. ನಮ್ಮ ಅರಸೀಕೆರೆ ತಾಲೂಕು ಕಣ್ರೀ!

ಮೈಸೂರು ಪಾಕು:
ಹುಟ್ಟಿದ್ದು ಮೈಸೂರಲ್ಲಿ, ಓದಿದ್ದು ಮೈಸೂರಲ್ಲಿ, ಜನ ಕರೆದದ್ದು ಮೈಸೂರು ಎಕ್ಸ್‌ಪ್ರೆಸ್ ಅಂತ. ಹೆಸರಲ್ಲಿ ಊರಿದ್ದರೆ ಸಾಕಾ? ಹಂಗಾದ್ರೆ ಕುಂಬ್ಳೆಯನ್ನು ಕಾಸರಗೋಡಿಗೆ ಕೊಟ್ಟುಬಿಡಿ.

ಅರಸೀಕೆರೆ ತೆಂಗು:
ಮೈಸೂರು ಎಕ್ಸ್‌ಪ್ರೆಸ್ ಆದರೇನು, ಅರಸೀಕೆರೆ ಜಂಕ್ಷನ್‌ನಲ್ಲಿ ನಿಲ್ಲಲೇಬೇಕಲ್ಲ.

ಸರಿ, ಅವರು ಬೇಡ. ಫಾಸ್ಟ್ ಬೌಲರ್ ಡೇವಿಡ್ ಜಾನ್ಸನ್ ಹುಟ್ಟಿದ್ದೇ ಅರಸೀಕೆರೆಯಲ್ಲಿ. ಟೈಟಾನ್ ಕಪ್ ಶುರುವಾಗುವ ಸ್ವಲ್ಪ ಮೊದಲು, ಅದೇ ಅಕ್ಟೋಬರಿನಲ್ಲಿ, ದೆಹಲಿಯಲ್ಲಿ ಆಸ್ಟ್ರೇಲಿಯಾ ಮೇಲೆ ಟೆಸ್ಟ್ ಆಡಿದರು. ಎಷ್ಟು ವೇಗ ಅಂತೀರಿ! ಒಟ್ಟು ಎರಡೇ ಟೆಸ್ಟ್ ಸಿಕ್ಕಿದ್ದು. 2024ರಲ್ಲಿ ತೀರಿಕೊಂಡರು. ಅವರ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಯಾರೂ ಜಾಸ್ತಿ ಮಾತಾಡುವುದಿಲ್ಲ, ಅದು ಬೇಜಾರು.

ಮೈಸೂರು ಪಾಕು:
ಇದಕ್ಕೆ ನನ್ನ ತಕರಾರಿಲ್ಲ. ಆವಾಗಿನ ಇಂಡಿಯಾ ಟೀಮಿನಲ್ಲಿದ್ದ ನಮ್ಮ ಕರ್ನಾಟಕದವರನ್ನು ನೆನೆಸಿಕೊಂಡರೆ ಈಗಲೂ ಖುಷಿ. ಶ್ರೀನಾಥ್, ಕುಂಬ್ಳೆ, ಪ್ರಸಾದ್, ದ್ರಾವಿಡ್, ಸುನಿಲ್ ಜೋಶಿ, ಸುಜಿತ್ ಸೋಮಸುಂದರ್. ರಣಜಿ ಟೀಮೋ ಇಂಡಿಯಾ ಟೀಮೋ ಗೊತ್ತಾಗುತ್ತಿರಲಿಲ್ಲ.

ಲೆಕ್ಕದ ಮೇಷ್ಟ್ರು (ಬೇಲೂರು):
ವಿಷಯ ಎಲ್ಲೋ ಹೋಯ್ತು. ತೋಟದಮನೆಯವರೇ, ನಿಮ್ಮ ಕೇಸಿಗೆ ಟೈಟಾನ್ ಕಪ್‌ಗಿಂತ ಹತ್ತಿರದ ಉದಾಹರಣೆ ಇದೆ. 1998ರ ಏಪ್ರಿಲ್, ಶಾರ್ಜಾ. ಭಾರತ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ನಿಮ್ಮ ಹಾಗೇ ಒಬ್ಬೊಬ್ಬರ ಜೊತೆ ಎರಡೆರಡು ಮ್ಯಾಚು. ಆಸ್ಟ್ರೇಲಿಯಾ ನಾಲ್ಕಕ್ಕೆ ನಾಲ್ಕು. ಭಾರತ ಗೆದ್ದಿದ್ದು ಒಂದು, ನ್ಯೂಜಿಲೆಂಡ್ ಒಂದು. ಒಂದಕ್ಷರ ಬದಲಾಯಿಸದೆ ನಿಮ್ಮ ಟೇಬಲ್ಲೇ!

ಲೀಗ್‌ನ ಕೊನೆ ಮ್ಯಾಚು ಏಪ್ರಿಲ್ 22. ಆಸ್ಟ್ರೇಲಿಯಾ 284 ಹೊಡೆಯಿತು. ನಾವು ಗೆಲ್ಲದಿದ್ದರೂ 254 ಮುಟ್ಟಿದರೆ ರನ್ ರೇಟಿನಲ್ಲಿ ನ್ಯೂಜಿಲೆಂಡನ್ನು ದಾಟುತ್ತಿದ್ದೆವು. ಮಧ್ಯದಲ್ಲಿ ಮರಳು ಗಾಳಿ ಬಂತು. 4 ಓವರ್ ಕಡಿಮೆಯಾಗಿ ಗೆಲ್ಲಲು 46 ಓವರಿಗೆ 276, ಫೈನಲ್‌ಗೆ ಹೋಗಲು 237 ಅಂತಾಯ್ತು. ತೆಂಡೂಲ್ಕರ್ 143. ನಾವು 250ಕ್ಕೆ ನಿಂತೆವು. ಮ್ಯಾಚ್ ಸೋತೆವು, ಫೈನಲ್ ಸೇರಿದೆವು. ಎರಡು ದಿನ ಬಿಟ್ಟು ಫೈನಲ್, ತೆಂಡೂಲ್ಕರ್ ಹುಟ್ಟುಹಬ್ಬ, 134 ರನ್, ಕಪ್ಪು. ಲೀಗ್‌ನಲ್ಲಿ ಒಂದೇ ಮ್ಯಾಚು ಗೆದ್ದವರು ಚಾಂಪಿಯನ್!

ಇಡೀ ಭಾರತ ಅದನ್ನು ಇವತ್ತಿಗೂ ಹಾಡಿ ಹೊಗಳುತ್ತದೆ. ಯಾರಾದರೂ ಆಸ್ಟ್ರೇಲಿಯಾಕ್ಕೆ ಅನ್ಯಾಯ ಆಯ್ತು ಅಂದಿದ್ದಾರಾ? ನೀವೂ ಅಂದಿರಲಿಕ್ಕಿಲ್ಲ.

ತೋಟದಮನೆ:
ಮೇಷ್ಟ್ರೇ, ಇದು ಸ್ವಲ್ಪ ಜೋರಾಗೇ ತಗುಲಿತು. ಶಾರ್ಜಾ ಮ್ಯಾಚ್ ದಿನ ನಮ್ಮ ಲೈನ್ ಮನೆ ಹತ್ತಿರ ಒಂದೇ ಟಿ.ವಿ. ನಾನು ಮೂರನೇ ಕ್ಲಾಸು. ಮರಳು ಗಾಳಿ ಬಂದಾಗ ಆಂಟೆನಾ ತಿರುಗಿದೆ ಅಂದುಕೊಂಡು ಚಿಕ್ಕಪ್ಪ ಹೆಂಚಿನ ಮೇಲೆ ಹತ್ತಿದ್ದರು. ಕೆಳಗಿನಿಂದ ಎಲ್ಲ ಸೇರಿ 'ಇಳೀರಿ, ಅಲ್ಲೇ ಗಾಳಿ ಬೀಸ್ತಿರೋದು' ಅಂತ ಕೂಗಿದ್ದು.

ಪೇಟೆ ಕೀಪರ್:
ನಮಸ್ಕಾರ. ಯಾರೋ ಲಿಂಕ್ ಕಳಿಸಿದರು. ನಾನು ಆ 'ಪೇಟೆ ಅಂಗಡಿಯವರ' ಟೀಮಿನ ಕೀಪರ್. ಒಂದು ವಿಷಯ ತೋಟದಮನೆಯವರು ಬರೆದಿಲ್ಲ. ಟಗರು ಊಟಕ್ಕೆ ಅವರನ್ನೂ ಕರೆದಿದ್ದೆವು. ಬಂದರು. ಎರಡು ಸಲ ಬಡಿಸಿಕೊಂಡರು.

ತೋಟದಮನೆ:
ಊಟಕ್ಕೂ ನ್ಯಾಯಕ್ಕೂ ಸಂಬಂಧ ಇಲ್ಲ.

ಕಡೂರಕ್ಕ:
😄 ಕೀಪರ್ ಅವರೇ, ಲೀಗ್‌ನಲ್ಲಿ ಮೂರು ಸೋತು ಫೈನಲ್‌ಗೆ ಹೇಗೆ ಬಂದಿರಿ ಅಂತ ಹೇಳಿ ಮೊದಲು.

ಪೇಟೆ ಕೀಪರ್:
ಅಕ್ಕಾ, ನೆಟ್ ರನ್ ರೇಟು. ಮೇಷ್ಟ್ರುಗಳ ಟೀಮಿನವರು ಇನ್ನೂ ಒಪ್ಪಿಕೊಂಡಿಲ್ಲ. ಅವರು ಲೆಕ್ಕ ಕಲಿಸುವವರು, ನಾವು ಸಾಮಾನು ತೂಗುವವರು. ಆದರೂ ನಮ್ಮ ಲೆಕ್ಕವೇ ಸರಿ ಬಂತು.

ಲೆಕ್ಕದ ಮೇಷ್ಟ್ರು:
ನನ್ನ ಜಾತಿಯವರ ಮರ್ಯಾದೆ ಪ್ರಶ್ನೆ, ಅದಕ್ಕೆ ವಿವರಿಸುತ್ತೇನೆ. ಮೇಷ್ಟ್ರ ಜಾತಿ ಅಂದೆ, ಬೇರೆ ಅರ್ಥ ಬೇಡ.

ನೆಟ್ ರನ್ ರೇಟ್ ಅಂದರೆ ನೀವು ಒಂದು ಓವರಿಗೆ ಎಷ್ಟು ಹೊಡೆದಿರಿ, ಅದರಲ್ಲಿ ಒಂದು ಓವರಿಗೆ ಎಷ್ಟು ಬಿಟ್ಟುಕೊಟ್ಟಿರಿ ಅನ್ನುವುದನ್ನು ಕಳೆಯುವುದು. ಒಂದೊಂದು ಮ್ಯಾಚಿನದ್ದಲ್ಲ, ಲೀಗ್‌ನ ಎಲ್ಲಾ ಮ್ಯಾಚಿನ ರನ್ನು, ಎಲ್ಲಾ ಮ್ಯಾಚಿನ ಓವರು ಕೂಡಿಸಿ. ಎಲ್ಲರೂ ಎಡವುವುದು ಆಲೌಟ್ ಆದಾಗ. 12 ಓವರ್ ಮ್ಯಾಚಿನಲ್ಲಿ 9 ಓವರಿಗೆ 54 ಹೊಡೆದು ಆಲೌಟ್ ಆದಿರಿ ಅನ್ನಿ. 54ನ್ನು 9ರಿಂದ ಭಾಗಿಸಿದರೆ 6. ಆದರೆ ಹಾಗೆ ಮಾಡುವಂತಿಲ್ಲ. ಆಲೌಟ್ ಆದರೆ ಪೂರ್ತಿ 12 ಓವರ್ ಆಡಿದಂತೆ ಲೆಕ್ಕ. 54 ಭಾಗಿಸು 12, ನಾಲ್ಕೂವರೆ. ವಿಕೆಟ್ ಕಳೆದುಕೊಂಡವನು ಉಳಿದ ಓವರನ್ನೂ ಕಳೆದುಕೊಂಡ ಹಾಗೆ. ಮೇಷ್ಟ್ರುಗಳ ಟೀಮು ಎಲ್ಲೋ ಬೇಗ ಆಲೌಟ್ ಆಗಿರಬೇಕು, ಅಲ್ವಾ?

ಪೇಟೆ ಕೀಪರ್:
ಸಾರ್, 8 ಓವರಿಗೆ 41. ಪಿ.ಟಿ. ಮೇಷ್ಟ್ರು ರನೌಟ್ ಆಗಿದ್ದೇ ದೊಡ್ಡ ಕಥೆ, ಇನ್ನೊಂದು ದಿನ ಹೇಳುತ್ತೇನೆ.

ಲೆಕ್ಕದ ಮೇಷ್ಟ್ರು:
ಹಾಗಾದರೆ ಅವರ ಲೆಕ್ಕದಲ್ಲಿ 5.12, ನಿಜವಾದ ಲೆಕ್ಕದಲ್ಲಿ 3.41. ಅಲ್ಲೇ ಹೋಯ್ತು ಫೈನಲ್ಲು.

ಕೆಆರ್‌ಪುರಂ ಹುಡುಗ:
ಒಂದು ಡೌಟು. ಈ ತ್ರಿಕೋನ ಸರಣಿ ಅಷ್ಟು ಚೆನ್ನಾಗಿದ್ದರೆ ಈಗ್ಯಾಕೆ ಇಲ್ಲ? ನನಗೆ ಬುದ್ಧಿ ಬಂದಮೇಲೆ ಇಂಡಿಯಾ ಒನ್‌ಡೇ ತ್ರಿಕೋನ ಸರಣಿ ಆಡಿದ್ದೇ ನೋಡಿಲ್ಲ.

ಮೈಸೂರು ಪಾಕು:
ಗಂಡಸರ ಟೀಮ್ ಕೊನೆಗೆ ಆಡಿದ್ದು 2015ರ ಜನವರಿ, ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡ್ ಜೊತೆ. ಒಂದೂ ಗೆಲ್ಲಲಿಲ್ಲ. ನೀನು ನೋಡದೇ ಇದ್ದದ್ದೇ ಒಳ್ಳೆಯದಾಯ್ತು.

ಯಾಕೆ ನಿಂತಿತು ಅಂದರೆ ದುಡ್ಡು. ಮೂರು ಟೀಮಿನ ಸರಣಿಯಲ್ಲಿ ಮೂರರಲ್ಲಿ ಒಂದು ಮ್ಯಾಚು ಊರವರ ಟೀಮ್ ಇಲ್ಲದೆ ನಡೆಯಬೇಕು. ಟೈಟಾನ್ ಕಪ್‌ನಲ್ಲೇ ಸೌತ್ ಆಫ್ರಿಕಾ ಮತ್ತು ಆಸ್ಟ್ರೇಲಿಯಾ ಇಂದೋರ್, ಫರಿದಾಬಾದ್, ಗುವಾಹಟಿಯಲ್ಲಿ ಆಡಿದವು. ಇವತ್ತು ಅಂಥ ಮ್ಯಾಚಿಗೆ ಟಿ.ವಿ.ಯವರು ಎಷ್ಟು ಕೊಡುತ್ತಾರೆ? ಎರಡೇ ಟೀಮಿನ ಸರಣಿಯಾದರೆ ಎಲ್ಲಾ ಮ್ಯಾಚಿನಲ್ಲೂ ಇಂಡಿಯಾ ಇರುತ್ತದೆ. 2008ಕ್ಕೆ ಐಪಿಎಲ್ ಬಂತು, ಕ್ಯಾಲೆಂಡರಿನಲ್ಲಿ ಜಾಗವೂ ಹೋಯ್ತು.

ಪೂರ್ತಿ ಸತ್ತಿಲ್ಲ. 2025ರ ಫೆಬ್ರವರಿಯಲ್ಲಿ ಪಾಕಿಸ್ತಾನದಲ್ಲಿ ಒಂದು ನಡೆಯಿತು, ಪಾಕಿಸ್ತಾನ, ಸೌತ್ ಆಫ್ರಿಕಾ, ನ್ಯೂಜಿಲೆಂಡ್. ನ್ಯೂಜಿಲೆಂಡ್ ಗೆದ್ದಿತು. ಸೌತ್ ಆಫ್ರಿಕಾದ ಬ್ರೀಟ್ಸ್‌ಕಿ ಆಡಿದ ಮೊದಲ ಒನ್‌ಡೇನಲ್ಲೇ 150 ಹೊಡೆದ. ಇನ್ನು ನೇಪಾಳ, ನಮೀಬಿಯಾ, ಸ್ಕಾಟ್ಲೆಂಡ್‌ನಂಥ ಟೀಮ್‌ಗಳು ವಿಶ್ವಕಪ್ ದಾರಿಗೆ ಆಡುವ ಲೀಗ್ ಇದೆಯಲ್ಲ, ಅದು ನಡೆಯುವುದೇ ಮೂರು ಮೂರು ಟೀಮಿನ ಸರಣಿಗಳಾಗಿ. ಒಂದು ಟೀಮ್ ಊರವರು, ಎರಡು ಟೀಮ್ ನೆಂಟರು. ಖರ್ಚೂ ಕಡಿಮೆ.

ಕಡೂರಕ್ಕ:
ಗಂಡಸರದ್ದೇ ಮಾತಾಡುತ್ತೀರಲ್ಲ! 2025ರ ಏಪ್ರಿಲ್-ಮೇನಲ್ಲಿ ಕೊಲಂಬೊದಲ್ಲಿ ಮಹಿಳೆಯರ ತ್ರಿಕೋನ ಒನ್‌ಡೇ ಸರಣಿ ನಡೆಯಿತು. ಭಾರತ, ಶ್ರೀಲಂಕಾ, ಸೌತ್ ಆಫ್ರಿಕಾ. ಒಬ್ಬೊಬ್ಬರ ಜೊತೆ ಎರಡೆರಡು, ಆಮೇಲೆ ಫೈನಲ್. ಫೈನಲ್‌ನಲ್ಲಿ ಸ್ಮೃತಿ ಮಂಧಾನ 116, ನಾವು 342. ಶ್ರೀಲಂಕಾ ಮೇಲೆ 97 ರನ್‌ನಿಂದ ಗೆದ್ದೆವು. ಸ್ನೇಹ್ ರಾಣಾ ಸರಣಿಯಲ್ಲಿ 15 ವಿಕೆಟ್. ಆರು ತಿಂಗಳಿಗೆ ಅದೇ ಸೌತ್ ಆಫ್ರಿಕಾವನ್ನು ಸೋಲಿಸಿ ವಿಶ್ವಕಪ್ ತಂದರು. ಇಂಡಿಯಾ ಆಡಿದ ತ್ರಿಕೋನ ಸರಣಿ ನೋಡಿಲ್ಲ ಅಂದ ಹುಡುಗ ಇದನ್ನು ಯಾಕೆ ನೋಡಲಿಲ್ಲ?

ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಮೇಲೆ 45 ಬಾಲಿಗೆ 70 ಹೊಡೆದ ದಿನ ನಮ್ಮ ಬೀದಿಯಲ್ಲಿ ಕ್ರಿಕೆಟ್ ಗೊತ್ತಿಲ್ಲದ ಅಜ್ಜಿಯರೂ ಟಿ.ವಿ. ಮುಂದೆ ಕೂತಿದ್ದರು. ಊರ ಹೆಸರು ಹೆಸರಿನಲ್ಲಿ ಇರಬೇಕಾಗಿಲ್ಲ ಅರಸೀಕೆರೆಯವರೇ, ಆಟದಲ್ಲಿ ಇದ್ದರೆ ಸಾಕು.

ಕೆಆರ್‌ಪುರಂ ಹುಡುಗ:
ಸಾರಿ ಅಕ್ಕಾ. ನಿಜ, ವಿಶ್ವಕಪ್ ಫೈನಲ್ ಮಾತ್ರ ನೋಡಿದೆ. ಇದು ಮಿಸ್ ಆಯ್ತು.

ಮೂಡಿಗೆರೆ ಮಳೆ:
ನಾನು ಹೇಳೋದು ಬೇರೆ ಮಾರಾಯ್ರೆ. ತ್ರಿಕೋನ ಸರಣಿಯ ಮಜಾ ಇರುವುದು ನಮ್ಮ ಮ್ಯಾಚಿಲ್ಲದ ದಿನ. ಎರಡೇ ಟೀಮ್ ಆದರೆ ಪೂರ್ತಿ ಸರಣಿ ಎದುರಾಳಿಯನ್ನು ಬೈದುಕೊಂಡು ಇರಬಹುದು. ಮೂರಾದರೆ ಹಾಗಾಗಲ್ಲ. ನಿನ್ನೆ ಬೈದವರಿಗೆ ಇವತ್ತು ಕೈ ಮುಗಿಯಬೇಕು.

2012ರ ಹೋಬರ್ಟ್ ಮ್ಯಾಚ್ ನೆನಪಿದೆಯಾ? ಆಸ್ಟ್ರೇಲಿಯಾದಲ್ಲಿ ಸಿಬಿ (ಕಾಮನ್‌ವೆಲ್ತ್ ಬ್ಯಾಂಕ್) ಸರಣಿ, ಮೂರನೆಯವರು ಶ್ರೀಲಂಕಾ. ಶ್ರೀಲಂಕಾ 320 ಹೊಡೆಯಿತು. ನಮಗೆ ಬರೀ ಗೆದ್ದರೆ ಸಾಲದು, ಬೋನಸ್ ಪಾಯಿಂಟೂ ಬೇಕು. ಬೋನಸ್ ಸಿಗಬೇಕಾದರೆ ರನ್ ರೇಟ್ ಎದುರಾಳಿಯ ಒಂದೂಕಾಲು ಪಟ್ಟು ಇರಬೇಕು. ಅಂದರೆ 50 ಓವರಿನ ಕೆಲಸ 40 ಓವರಿಗೆ. ಕೊಹ್ಲಿ 86 ಬಾಲಿಗೆ 133 ನಾಟೌಟ್. ಮಲಿಂಗನ ಒಂದೇ ಓವರಿಗೆ 24. 36.4 ಓವರಿಗೆ ಮುಗಿಸಿಬಿಟ್ಟರು!

ಆಮೇಲಿನ ಕಥೆ ಯಾರೂ ಹೇಳಲ್ಲ. ಅಷ್ಟು ಮಾಡಿಯೂ ನಾವು ಫೈನಲ್‌ಗೆ ಹೋಗಲು ಕೊನೆ ಲೀಗ್ ಮ್ಯಾಚಿನಲ್ಲಿ ಆಸ್ಟ್ರೇಲಿಯಾ ಶ್ರೀಲಂಕಾವನ್ನು ಸೋಲಿಸಬೇಕಿತ್ತು. ಆ ದಿನ ನಾನು ತೋಟದಲ್ಲಿ ಸ್ಪ್ರಿಂಕ್ಲರ್ ಪೈಪ್ ಎಳೆಯುತ್ತಾ ಮೊಬೈಲಿನಲ್ಲಿ ಸ್ಕೋರು ನೋಡುತ್ತಿದ್ದೆ. ಕಾಫಿ ಹೂವಾಗಲು ಬ್ಲಾಸಂ ನೀರು ಕೊಡುವ ಕಾಲ, ಬಿಟ್ಟು ಬರುವ ಹಾಗಿಲ್ಲ. ಜೀವಮಾನದಲ್ಲಿ ಅದೊಂದು ದಿನ ಆಸ್ಟ್ರೇಲಿಯಾ ಗೆಲ್ಲಲಿ ಅಂತ ಗಣಪತಿಗೆ ಕಾಯಿ ಹರಕೆ ಹೊತ್ತೆ. 9 ರನ್‌ನಿಂದ ಸೋತರು ನೋಡಿ. ಶ್ರೀಲಂಕಾ ಫೈನಲ್‌ಗೆ, ನಾವು ಮನೆಗೆ. ಕಾಯಿ ಚಟ್ನಿಗೆ.

ಅರಸೀಕೆರೆ ತೆಂಗು:
ಕಾಯಿ ನಮ್ಮ ಕಡೆಯದ್ದಾಗಿದ್ದರೆ ಕೆಲಸ ಮಾಡುತ್ತಿತ್ತು.

ತೋಟದಮನೆ:
ಇದು ನಿಜ ಕಣ್ರೀ ಮೂಡಿಗೆರೆಯವರೇ. ನಮ್ಮಲ್ಲೂ ಆದದ್ದು ಇದೇ. ಪೇಟೆಯವರಿಗೂ ಮೇಷ್ಟ್ರುಗಳಿಗೂ ಕೊನೆ ಲೀಗ್ ಮ್ಯಾಚ್ ನಡೆಯುವಾಗ ನಾವು ಮರದ ಕೆಳಗೆ ಕೂತು ಮಂಡಕ್ಕಿ ತಿನ್ನುತ್ತಿದ್ದೆವು. ಫೈನಲ್‌ಗೆ ಮೇಷ್ಟ್ರುಗಳೇ ಬರಲಿ ಅಂತ ನಮ್ಮ ಹುಡುಗರು ಅವರಿಗೇ ಚಪ್ಪಾಳೆ ತಟ್ಟಿದ್ದು. ಸುಲಭ ಅಂತ. ಈಗ ಒಪ್ಪಿಕೊಳ್ಳುತ್ತೇನೆ.

ಪೇಟೆ ಕೀಪರ್:
ಆ ಚಪ್ಪಾಳೆ ನಮಗೂ ಕೇಳಿಸಿತ್ತು. ಅದಕ್ಕೇ ಫೈನಲ್ ಹಂಗೆ ಆಡಿದ್ದು.

ಲೆಕ್ಕದ ಮೇಷ್ಟ್ರು:
ಇನ್ನು ಪರಿಹಾರದ ವಿಷಯ. ಒಂದೇ ಫೈನಲ್ ಇದ್ದರೆ ಒಂದು ಕೆಟ್ಟ ಗಂಟೆಯಲ್ಲಿ ಎಲ್ಲಾ ಹೋಗುತ್ತದೆ ಅನ್ನುವುದು ಹಳೆಯ ದೂರು. ಆಸ್ಟ್ರೇಲಿಯಾದವರು 1979-80ರಿಂದ ವರ್ಷಾವರ್ಷ ತ್ರಿಕೋನ ಸರಣಿ ಮಾಡಿದರು. ಅವರ ಉಪಾಯ, ಒಂದು ಫೈನಲ್ ಬದಲು ಮೂರರಲ್ಲಿ ಎರಡು ಗೆದ್ದವನಿಗೆ ಕಪ್ಪು. 2008ರಲ್ಲಿ ನಾವು ಅಲ್ಲಿ ಗೆದ್ದದ್ದು ಹಾಗೇ. ಸಿಡ್ನಿಯಲ್ಲಿ ತೆಂಡೂಲ್ಕರ್ 117, ಬ್ರಿಸ್ಬೇನ್‌ನಲ್ಲಿ 91, ಮೂರನೇ ಫೈನಲ್ ಬೇಕಾಗಲೇ ಇಲ್ಲ. 1998ರ ಜನವರಿಯಲ್ಲಿ ಢಾಕಾದಲ್ಲೂ ಮೂರು ಫೈನಲ್. ಒಂದೊಂದು ಗೆದ್ದಿದ್ದೆವು, ಮೂರನೆಯದರಲ್ಲಿ ಪಾಕಿಸ್ತಾನ 48 ಓವರಿಗೆ 314. ಗಂಗೂಲಿ 124, ರಾಬಿನ್ ಸಿಂಗ್ 82, ಕತ್ತಲಾಗುತ್ತಾ ಬಂದಿತ್ತು, ಕೊನೆ ಓವರಿನಲ್ಲಿ ಕಾನಿಟ್ಕರ್ ಒಂದು ಫೋರ್. ಅಷ್ಟು ದೊಡ್ಡ ಮೊತ್ತವನ್ನು ಅಲ್ಲಿಯವರೆಗೆ ಯಾರೂ ಬೆನ್ನಟ್ಟಿ ಗೆದ್ದಿರಲಿಲ್ಲ.

ಫೈನಲ್ ಜಾಸ್ತಿ ಮಾಡಿದರೆ ಜಗಳ ಕಡಿಮೆ ಅಂತ ಮಾತ್ರ ತಿಳಿಯಬೇಡಿ. 1981ರಲ್ಲಿ ಐದು ಫೈನಲ್ ಇಟ್ಟಿದ್ದರು. ಮೂರನೆಯದರ ಕೊನೆ ಬಾಲಿಗೆ ನ್ಯೂಜಿಲೆಂಡ್‌ಗೆ ಟೈ ಮಾಡಲು 6 ಬೇಕಿತ್ತು. ಆಸ್ಟ್ರೇಲಿಯಾ ನಾಯಕ ಗ್ರೆಗ್ ಚಾಪೆಲ್ ತನ್ನ ತಮ್ಮ ಟ್ರೆವರ್‌ಗೆ ಹೇಳಿ ಬಾಲನ್ನು ನೆಲದ ಮೇಲೆ ಉರುಳಿಸಿ ಬಿಡಿಸಿದ. ಆವಾಗಿನ ನಿಯಮದಲ್ಲಿ ಅದು ತಪ್ಪಲ್ಲ. ಆದರೂ ಇವತ್ತಿನವರೆಗೂ ಬೈಸಿಕೊಳ್ಳುತ್ತಿದ್ದಾರೆ. ಆ ಸರಣಿಯ ಮೂರನೇ ಟೀಮು ಯಾರು ಹೇಳಿ? ನಾವೇ.

ತೋಟದಮನೆ:
ಮೂರು ಫೈನಲ್ ನಮಗೆ ಆಗಲ್ಲ ಮೇಷ್ಟ್ರೇ. ಮೈದಾನ ಸಿಗುವುದು ಭಾನುವಾರ ಮಾತ್ರ. ಸಂಜೆ ಐದಾದರೆ ಮಂಜು, ಬಾಲ್ ಕಾಣಲ್ಲ. ಸೋಮವಾರ ಎಲ್ಲರಿಗೂ ಕೆಲಸ.

ಲೆಕ್ಕದ ಮೇಷ್ಟ್ರು:
ಹಾಗಾದರೆ ಎರಡು ಇಡಿ. ಲೀಗ್‌ನಲ್ಲಿ ಮೊದಲು ಬಂದ ಟೀಮ್ ಒಂದು ಗೆದ್ದರೆ ಸಾಕು, ಎರಡನೆಯವರು ಎರಡೂ ಗೆಲ್ಲಬೇಕು. ಲೀಗ್‌ನಲ್ಲಿ ಬೆವರು ಸುರಿಸಿದ್ದಕ್ಕೆ ಒಂದು ಬೆಲೆ. ಎರಡನೇ ಫೈನಲ್ ಅನ್ನು 8 ಓವರಿಗೆ ಇಳಿಸಿ.

ಪೇಟೆ ಕೀಪರ್:
ಸಾರ್, ಇದು ತೋಟದವರಿಗೆ ಬರೆದುಕೊಟ್ಟ ನಿಯಮದ ಹಾಗಿದೆ.

ಲೆಕ್ಕದ ಮೇಷ್ಟ್ರು:
ಲೀಗ್‌ನಲ್ಲಿ ಮೊದಲು ಬನ್ನಿ, ನಿಮಗೂ ಇದೇ ನಿಯಮ.

ಕಡೂರಕ್ಕ:
ಬೋನಸ್ ಪಾಯಿಂಟೂ ಇಡಿ. ಗೆದ್ದವರಿಗೆ 4, ಒಂದೂಕಾಲು ಪಟ್ಟು ರೇಟಿನಲ್ಲಿ ಗೆದ್ದರೆ ಇನ್ನೊಂದು. ಸಿಬಿ ಸರಣಿಯಲ್ಲಿ ಇದ್ದದ್ದು ಇದೇ. ಆಗ ಟೈಮ್‌ಪಾಸ್ ಮಾಡಿ ಗೆಲ್ಲುವುದು ನಿಲ್ಲುತ್ತದೆ. ಒಂದು ಹುಡುಗಿಯರ ಟೀಮನ್ನೂ ಕರೆಯಿರಿ, ನಾನು ಕಡೂರಿನಿಂದ 11 ಜನ ಕರೆದುಕೊಂಡು ಬರುತ್ತೇನೆ.

ಕೆಆರ್‌ಪುರಂ ಹುಡುಗ:
ಅಕ್ಕಾ ನೀವು ಬಂದರೆ ನಾಲ್ಕು ಟೀಮ್ ಆಗುತ್ತೆ. ತ್ರಿಕೋನ ಹೋಯ್ತು.

ಕಡೂರಕ್ಕ:
ಮೇಷ್ಟ್ರುಗಳು ಮುಂದಿನ ವರ್ಷ ಬರುತ್ತಾರೆ ಅಂತ ಯಾರು ಹೇಳಿದ್ದು?

ತೋಟದಮನೆ:
ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ನಿನ್ನೆ ಸಂಜೆ ಕಣದಲ್ಲಿ ಕೂತು ಎಲ್ಲರ ಹತ್ತಿರ ಮಾತಾಡಿದೆ. ಪೇಟೆಯವರೂ ಬಂದಿದ್ದರು. ಎರಡು ಫೈನಲ್ ನಿಯಮ ಪಾಸಾಯ್ತು. ಬೋನಸ್ ಪಾಯಿಂಟೂ ಪಾಸು. ಸ್ಕೋರು ಬರೆಯಲು ಬೇಲೂರಿನಿಂದ ಮೇಷ್ಟ್ರು ಬಂದರೆ ನಮ್ಮೂರಿನ ಮೇಷ್ಟ್ರುಗಳೂ ಆಡುತ್ತಾರಂತೆ, ಇಲ್ಲದಿದ್ದರೆ ಇಲ್ಲವಂತೆ.

ಈ ವರ್ಷದ ಕಪ್ ಪೇಟೆಯವರದ್ದೇ. ಶಾರ್ಜಾ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸಿದಿರಿ. ಟಗರು ಮಾತ್ರ ಮುಂದಿನ ಸಲ ನಾನೇ ಆರಿಸಿ ತರುವುದು. ಈ ಸಲದ್ದು ಸ್ವಲ್ಪ ಗಟ್ಟಿ ಇತ್ತು.

ಪೇಟೆ ಕೀಪರ್:
ಎರಡು ಸಲ ಬಡಿಸಿಕೊಳ್ಳುವಾಗ ಗೊತ್ತಾಗಲಿಲ್ಲವಾ?